ಸನತ್‌ನಗರದಲ್ಲಿ ನೂಲು ಬಿಚ್ಚಿದ ಶಂಕ್ರಮ್ಮ

ಶಂಕ್ರಮ್ಮ ಹೈದರಾಬಾದಿಗೆ ಬಂದದ್ದು 1995ರ ಬೇಸಿಗೆಯಲ್ಲಿ, ಗುರುಮಿಠಕಲ್ ಹತ್ತಿರದ ಒಂದು ಹಳ್ಳಿಯಿಂದ. ಆಗ ಅವಳಿಗೆ ಇಪ್ಪತ್ತು ವರ್ಷ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಂಡ ಅಂಬಣ್ಣ ಬಾಲಾನಗರದ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದ. ಅವಳು ಗೌಂಡಿಗಳ ಕೂಡ ಗಾರೆ ಹೊರುವ ಕೆಲಸ ಹಿಡಿದಳು. ಇಂದು ಕುಕಟಪಲ್ಲಿ, ನಾಳೆ ಎರ್ರಗಡ್ಡ, ಮೇಸ್ತ್ರಿ ಎಲ್ಲಿಗೆ ಹೇಳಿದರೆ ಅಲ್ಲಿಗೆ.

ಆ ವರ್ಷದ ಕೊನೆಗೆ ಮೇಸ್ತ್ರಿ ಅವರನ್ನು ಸನತ್‌ನಗರದ ಕೈಗಾರಿಕಾ ಎಸ್ಟೇಟಿನ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಉದ್ದನೆಯ ಒಂದು ಶೆಡ್ ಏಳುತ್ತಿತ್ತು. ಗೋಡೆಗಳಿಗೆ ಇನ್ನೂ ಗಿಲಾವು ಆಗಿರಲಿಲ್ಲ, ಆಗಲೇ ಒಳಗೆ ಕಬ್ಬಿಣದ ಚೌಕಟ್ಟುಗಳು, ತಾಮ್ರದ ಬೋಗುಣಿಗಳು ಬಂದು ಕೂತಿದ್ದವು. ಶೆಡ್ಡಿನ ಮಾಲಕಿ ಗಿರಿಜಾಬಾಯಿ. ಬೀದರ ಕಡೆಯವರು, ಗಂಡ ತೀರಿಹೋದ ಮೇಲೆ ಅವನ ನೂಲಿನ ವ್ಯಾಪಾರವನ್ನು ತಾವೇ ನಡೆಸುತ್ತಿದ್ದರು. ನೂಲು ಕೊಂಡು ಮಾರುವ ಬದಲು ರೇಷ್ಮೆ ಗೂಡಿನಿಂದ ತಾವೇ ನೂಲು ಬಿಚ್ಚಿಸಬೇಕೆಂದು ಈ ಸಾಹಸಕ್ಕೆ ಇಳಿದಿದ್ದರು. ಚೇವೆಳ್ಳ, ಶಾದನಗರದ ಕಡೆ ರೈತರು ಹಿಪ್ಪುನೇರಳೆ ಹಚ್ಚತೊಡಗಿದ್ದ ಕಾಲ ಅದು. ಗೂಡು ಸಿಗುತ್ತಿತ್ತು, ಬಿಚ್ಚುವ ಕೈಗಳು ಇರಲಿಲ್ಲ.

ಕಲಿಸಲು ರಾಮನಗರದಿಂದ ಜಯಮ್ಮ ಎಂಬ ಹೆಂಗಸನ್ನು ಕರೆಸಿದ್ದರು. ಆಕೆ ಕೆಲಸ ಕೇಳಿ ಬಂದ ಹೆಣ್ಣುಮಕ್ಕಳನ್ನೆಲ್ಲ ಬೋಗುಣಿಯ ಮುಂದೆ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದಳು: "ನೀರಲ್ಲಿ ಕೈ ಇಡೋಕೆ ಹೆದರೋರು ಈ ಕಡೆ ಬರ್ಬೇಡಿ ಕಣ್ರಮ್ಮ." ಬಿಸಿನೀರಿನಲ್ಲಿ ಬೆಂದು ತೇಲುವ ಗೂಡುಗಳನ್ನು ಸಣ್ಣ ಪೊರಕೆಯಿಂದ ಸವರಿದರೆ ಹೊರಗಿನ ಸಿಕ್ಕು ಎದ್ದು ಬರುತ್ತದೆ. ಆ ಸಿಕ್ಕನ್ನು ಎಳೆದು ಎಸೆದ ಮೇಲೆ ಪ್ರತಿ ಗೂಡಿಗೂ ಒಂದೇ ಒಂದು ಎಳೆ ಉಳಿಯಬೇಕು. ಅದು ಕೂದಲಿಗಿಂತ ತೆಳು. ಬಂದವರಲ್ಲಿ ಹೆಚ್ಚಿನವರಿಗೆ ಆ ಎಳೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೂರು ದಿನ ಗಾರೆ ಹೊರುತ್ತಲೇ ಇದನ್ನೆಲ್ಲ ನೋಡಿದ್ದ ಶಂಕ್ರಮ್ಮ ನಾಲ್ಕನೆಯ ದಿನ ಊಟದ ಹೊತ್ತಿನಲ್ಲಿ ಬುಟ್ಟಿ ಇಳಿಸಿ, ಕೈ ತೊಳೆದುಕೊಂಡು ಬೋಗುಣಿಯ ಹತ್ತಿರ ಬಂದಳು.

"ನಾ ಒಮ್ಮೆ ನೋಡ್ಲೇನ್ರಿ?"

ಜಯಮ್ಮ ಅವಳ ಸಿಮೆಂಟು ತಿಂದ ಬೆರಳುಗಳನ್ನು ನೋಡಿದಳು. "ಏನಮ್ಮ, ಈ ಕೈಗೆ ಎಳೆ ಗೊತ್ತಾಗ್ತದಾ?"

ಶಂಕ್ರಮ್ಮ ನೀರಿಗೆ ಕೈ ಹಾಕಿದಳು. ಸುಟ್ಟಿತು, ತೆಗೆಯಲಿಲ್ಲ. ಸಿಕ್ಕನ್ನು ಎಳೆದು ಬಿಟ್ಟು, ಇನ್ನಷ್ಟು ಎಳೆದು ಬಿಟ್ಟು, ಕೊನೆಗೆ ಎತ್ತಿ ತೋರಿಸಿದಾಗ ಅವಳ ಬೆರಳುಗಳ ನಡುವೆ ಒಂದು ಎಳೆ ಇತ್ತು, ಅದರ ತುದಿಯಲ್ಲಿ ಒಂದು ಗೂಡು ನೀರಿನಲ್ಲಿ ಗಿರಗಿರ ತಿರುಗುತ್ತಿತ್ತು. ಗಿರಿಜಾಬಾಯಿ ಅಲ್ಲೇ ನಿಂತಿದ್ದರು.

"ನೀ ಎಲ್ಲಿಯಾಕಿ?"

"ಗುರುಮಿಠಕಲ್ ಕಡೆಯಾಕಿರಿ."

"ನಾಳಿಂದ ಬುಟ್ಟಿ ಬಿಡು. ಇಲ್ಲೇ ಕುಂದರು."

ಅವಳು ಅಂಬಣ್ಣನಿಗೆ ಹೇಳಿದ್ದು ಇಷ್ಟೇ: ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ. ಮರುದಿನವೇ ಸೇರಿಕೊಂಡಳು. ಆರು ತಿಂಗಳಲ್ಲಿ ಜಯಮ್ಮ ಊರಿಗೆ ಹೋದಳು. ಅಷ್ಟರೊಳಗೆ ಅಲ್ಲಿ ಹನ್ನೆರಡು ಹೆಣ್ಣುಮಕ್ಕಳು ಹನ್ನೆರಡು ಬೋಗುಣಿಗಳ ಮುಂದೆ ಕೂತಿದ್ದರು. ಕನ್ನಡದವರು, ತೆಲುಗಿನವರು, ಒಬ್ಬಳು ಉರ್ದು ಮಾತಾಡುವ ಹುಡುಗಿ. ಶಂಕ್ರಮ್ಮನ ಪಕ್ಕದ ಬೋಗುಣಿ ಅನ್ನಮ್ಮನದು. ಅವಳು ನಲಗೊಂಡದಿಂದ ಬಂದವಳು. ಇಬ್ಬರೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ದಿನವಿಡೀ ಮಾತಾಡುತ್ತಿದ್ದರು, ಕಣ್ಣು ಮಾತ್ರ ನೀರಿನ ಮೇಲಿಂದ ಕದಲುತ್ತಿರಲಿಲ್ಲ. ಏಳೆಂಟು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಒಂದು ಗೂಡು ಮುಗಿಯುತ್ತ ಬಂದರೆ ತಕ್ಷಣ ಇನ್ನೊಂದರ ಎಳೆಯನ್ನು ಎಸೆದು ಕೂಡಿಸಬೇಕು. ತಡವಾದರೆ ನೂಲು ತೆಳುವಾಗುತ್ತದೆ, ಎರಡು ಕೂಡಿಸಿದರೆ ದಪ್ಪವಾಗುತ್ತದೆ.

ಸಂಜೆ ಮನೆಗೆ ಹೋದರೆ ಅಂಬಣ್ಣ ಮೂಗು ಮುಚ್ಚಿಕೊಳ್ಳುತ್ತಿದ್ದ. ಬೆಂದ ಹುಳುವಿನ ವಾಸನೆ ಅವಳ ಸೀರೆಗೆ, ಕೂದಲಿಗೆ ಹತ್ತಿರುತ್ತಿತ್ತು. ಮೊದಮೊದಲು ಅವಳಿಗೆ ನಾಚಿಕೆ ಆಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಬೆರಳ ತುದಿಗಳು ಬಿಳುಚಿ, ಚರ್ಮ ಸುಲಿದು, ಚಟ್ನಿ ಮುಟ್ಟಿದರೆ ಉರಿಯುತ್ತಿದ್ದವು. ಅದಕ್ಕೂ ಅಭ್ಯಾಸವಾಯಿತು. 1998ರಲ್ಲಿ ಮಗಳು ಶಿವಗಂಗಾ ಹುಟ್ಟಿದಳು. ಮೂರು ತಿಂಗಳಿಗೆ ಶಂಕ್ರಮ್ಮ ಮತ್ತೆ ಬೋಗುಣಿಯ ಮುಂದೆ ಇದ್ದಳು.

ಹೀಗೆ ಐದಾರು ವರ್ಷ ನಡೆಯಿತು. 2001ರ ಒಂದು ದಿನ ಗಿರಿಜಾಬಾಯಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಕೋಠಿಗೆ ಹೊರಟರು. ಅಲ್ಲಿ ಅವರ ನೂಲು ಕೊಳ್ಳುವ ಅಂಗಡಿ ಇತ್ತು. ಆರು ವರ್ಷದಿಂದ ತಪ್ಪದೆ ಕೊಳ್ಳುತ್ತಿದ್ದ ಅಂಗಡಿಯವನು ಎರಡು ತಿಂಗಳಿಂದ ಇವರ ಮಾಲು ಹಾಗೇ ಇಟ್ಟಿದ್ದ. ಅವನು ಮಾತಿಗೆ ಮೊದಲು ನೂಲಿನ ಎರಡು ಲಡಿಗಳನ್ನು, ಸುರುಳಿ ಸುತ್ತಿದ ಕಟ್ಟುಗಳನ್ನು, ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಒಂದು ಇವರದು, ಹಳದಿ ಛಾಯೆಯದು. ಇನ್ನೊಂದು ಹಾಲಿನಂತೆ ಬಿಳಿ. ಇದು ಚೀನಾದ್ದು, ಪೋಚಂಪಲ್ಲಿಯ ನೇಕಾರರು ಸೀರೆಯ ಉದ್ದೆಳೆಗೆ ಈಗ ಇದನ್ನೇ ಕೇಳುತ್ತಾರೆ, ಮಗ್ಗದಲ್ಲಿ ಹರಿಯುವುದಿಲ್ಲ, ಬೆಲೆಯೂ ನಿಮ್ಮದಕ್ಕಿಂತ ಕಡಿಮೆ ಎಂದು ಹಿಂದಿಯಲ್ಲಿ ಹೇಳಿದ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ.

ಶಂಕ್ರಮ್ಮ ಬಿಳಿ ಲಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉದ್ದಕ್ಕೂ ಓಡಿಸಿ ನೋಡಿದಳು. ಎಲ್ಲೂ ಒಂದು ಗಂಟು ಸಿಗಲಿಲ್ಲ. ಅಂಗಡಿಯವನನ್ನು ಕೇಳಿ ಎರಡು ಮಾರು ನೂಲು ಕತ್ತರಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಆ ಭಾನುವಾರ ಮನೆಯಲ್ಲಿ ಆ ನೂಲನ್ನು ಬೆಚ್ಚನೆ ನೀರಿನಲ್ಲಿ ನೆನೆಹಾಕಿ, ಕಪ್ಪು ತಟ್ಟೆಯ ಮೇಲಿಟ್ಟು, ಸೂಜಿಯಿಂದ ಎಳೆಗಳನ್ನು ಬಿಡಿಸಿ ಎಣಿಸಿದಳು. ಗೇಣಿಗೊಂದು ಕಡೆ ಎಣಿಸಿದಳು. ಆಮೇಲೆ ತನ್ನದೇ ನೂಲನ್ನು ಅದೇ ರೀತಿ ಎಣಿಸಿದಳು. ಸೋಮವಾರ ಗಿರಿಜಾಬಾಯಿಯ ಮುಂದೆ ಹೋಗಿ ನಿಂತಳು.

"ಅಕ್ಕಾರ, ತಪ್ಪು ಬರೇ ಗೂಡಿಂದಲ್ಲ. ನಂದೂ ಐತಿ."

"ಏನು ನಿಂದು?"

"ಅವರ ನೂಲಿನ್ಯಾಗ ಎಲ್ಲಿ ನೋಡಿದ್ರೂ ಏಳು, ಇಲ್ಲಾ ಎಂಟು ಎಳಿ. ನಂದ್ರಾಗ ಒಂದ್ಕಡೆ ಆರು, ಒಂದ್ಕಡೆ ಹತ್ತು. ನಾ ಅಂದಾಜಿನ ಮ್ಯಾಲೆ ಹಾಕಾಕತ್ತೀನಿ. ಎಣಿಸಿ ಹಾಕವಲ್ಲೆ."

"ಮತ್ತ ಗೂಡಿಂದೇನು?"

"ನಮ್ಮ ಹಳದಿ ಗೂಡಿನ ಎಳಿ ಲಗು ಮುಗೀತೈತಿ. ಅವರ ಗೂಡಿನ ಎಳಿ ಭಾಳ ಉದ್ದ ಇರಬೇಕು. ಅದಕ್ಕ ಕೂಡಿಸಿದ ಜಾಗಾನೇ ಸಿಗವಲ್ವು."

ಅವಳು ಊಹಿಸಿದ್ದು ಸರಿಯಾಗಿತ್ತು. ಅವರು ತರುತ್ತಿದ್ದ ಹಳದಿ ಗೂಡು ಬಿಸಿಲು ತಾಳುವ ನಾಟಿ ಬೆರಕೆಯ ಹುಳುವಿನದು, ಎಳೆ ಐದಾರುನೂರು ಮೀಟರು. ಬಿಳಿ ಗೂಡಿನದು ಸಾವಿರ ಮೀಟರು. ಆದರೆ ಬಿಳಿ ಗೂಡಿನ ಹುಳು ನಾಜೂಕು. ಚೇವೆಳ್ಳದ ಬೇಸಿಗೆಗೆ ಚಪ್ಪರದಲ್ಲೇ ಸತ್ತುಹೋಗುತ್ತಿತ್ತು. ಬೆಳೆಯುವವರು ಬೆರಳೆಣಿಕೆಯಷ್ಟು.

ಎರಡು ವರ್ಷದ ನಂತರ ಸರ್ಕಾರ ಚೀನಾ ನೂಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಅಷ್ಟರಲ್ಲಿ ಗಿರಿಜಾಬಾಯಿಯ ಹನ್ನೆರಡು ಬೋಗುಣಿಗಳಲ್ಲಿ ಏಳು ಆರಿದ್ದವು. ಉಳಿದದ್ದು ಐವರು. ಹೋದವರಲ್ಲಿ ಕೆಲವರು ಔಷಧ ಕಂಪನಿಗಳ ಪ್ಯಾಕಿಂಗಿಗೆ ಸೇರಿದರು, ಕೆಲವರು ಮನೆಗೆಲಸಕ್ಕೆ. ಹಾಗೆ ಹೋದವರು ಯಾರೂ ಮುಂದೆ ವ್ಯಾಪಾರ ಸುಧಾರಿಸಿದಾಗ ಕರೆದರೂ ವಾಪಸು ಬರಲಿಲ್ಲ ಎಂಬುದನ್ನು ಶಂಕ್ರಮ್ಮ ಗಮನಿಸಿದಳು. ಪ್ಯಾಕಿಂಗಿನ ಕೆಲಸದಲ್ಲಿ ಕೈ ಒಣಗಿರುತ್ತದೆ ಎಂದು ಒಬ್ಬಳು ಹೇಳಿದ್ದಳಂತೆ.

ಶಂಕ್ರಮ್ಮ ಉಳಿದಳು. ಎಣಿಸಿ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು. ಏಳು, ಎಂಟು, ಏಳು, ಎಂಟು ಎಂದು ತುಟಿ ಆಡುತ್ತಲೇ ಇರುತ್ತಿತ್ತು. ಅನ್ನಮ್ಮ, ನೀನು ಜಪ ಮಾಡುತ್ತೀಯೋ ಕೆಲಸ ಮಾಡುತ್ತೀಯೋ ಎಂದು ಕೀಟಲೆ ಮಾಡುತ್ತಿದ್ದಳು. ವರ್ಷಗಳು ಕಳೆದಂತೆ ರೈತರಿಗೆ ಹುಳು ಸಾಕುವ ಒಳ್ಳೆಯ ಮನೆಗಳು, ಒಳ್ಳೆಯ ಮರಿಹುಳುಗಳು ಸಿಕ್ಕವು. ಬಿಳಿ ಗೂಡು ನಿಧಾನವಾಗಿ ಹೆಚ್ಚಾಯಿತು. ಐದು ಬೋಗುಣಿಗಳು ಬಿಳಿ ನೂಲು ಬಿಚ್ಚತೊಡಗಿದವು. ಕೋಠಿಯ ಅಂಗಡಿಯವನು ಶಂಕ್ರಮ್ಮನ ಲಡಿಗಳನ್ನು ಬೇರೆ ಇಟ್ಟು ಮಾರುತ್ತಿದ್ದ.

ಉಸಿರಿನ ತೊಂದರೆ ಶುರುವಾದದ್ದು 2012ರ ಸುಮಾರಿಗೆ. ಹಬೆಯಲ್ಲಿ ಕೂತರೆ ಎದೆ ಬಿಗಿಯುತ್ತಿತ್ತು. ಆಸ್ಪತ್ರೆಯಲ್ಲಿ ಹಬೆಯ ಕೆಲಸ ಬಿಡಿ ಅಂದರು. ಅವಳು ಒಂದು ವಾರ ಬಿಟ್ಟಳು, ಎಂಟನೆಯ ದಿನ ಮತ್ತೆ ಹೋದಳು. ಮಗಳ ಶಾಲೆ ನಡೆಯಬೇಕಿತ್ತು. ಆ ವರ್ಷ ಶಾಲೆಯ ರಜೆಯಲ್ಲಿ ಒಂದು ದಿನ ಶಿವಗಂಗಾ ಬುತ್ತಿ ತಂದುಕೊಟ್ಟು, ಕುತೂಹಲಕ್ಕೆ ಅವ್ವನ ಬೋಗುಣಿಗೆ ಕೈ ಚಾಚಿದಳು. ಶಂಕ್ರಮ್ಮ ಅವಳ ಮಣಿಕಟ್ಟನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ಈ ನೀರಾಗ ನೀ ಕೈ ಹಾಕಬ್ಯಾಡ. ಈ ಕೆಲಸ ನಿಂದಲ್ಲ."

"ಕಲ್ತರೇನಾಕ್ಕೈತಿ ಅವ್ವಾ?"

"ಕಲ್ತರ ಮಾಡಬೇಕಾಕ್ಕೈತಿ. ಹೋಗು, ಓದ್ಕೋ."

ಆ ಮೇಲೆ ಶಿವಗಂಗಾ ಶೆಡ್ಡಿನ ಬಾಗಿಲ ತನಕ ಮಾತ್ರ ಬರುತ್ತಿದ್ದಳು.

2016ರಲ್ಲಿ ಗಿರಿಜಾಬಾಯಿ ಸರ್ಕಾರದ ನೆರವಿನಿಂದ ಸ್ವಯಂಚಾಲಿತ ಯಂತ್ರ ತರಿಸಿದರು. ಅದೂ ಚೀನಾದ್ದೇ. ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುವಷ್ಟು ಉದ್ದ. ನೂಲು ತೆಳುವಾದ ತಕ್ಷಣ ಅದೇ ತಿಳಿದುಕೊಂಡು ಅದೇ ಹೊಸ ಗೂಡಿನ ಎಳೆ ಕೂಡಿಸುತ್ತಿತ್ತು. ಅದನ್ನು ನಡೆಸಿಕೊಡಲು ರೇಷ್ಮೆ ತರಬೇತಿ ಸಂಸ್ಥೆಯೊಂದರಿಂದ ವತ್ಸಲಾ ಬಂದಳು. ಮೈಸೂರಿನವಳು, ಮೂವತ್ತರ ಆಸುಪಾಸು, ರೇಷ್ಮೆ ತಂತ್ರಜ್ಞಾನ ಓದಿದವಳು. ಒಂದು ದಿನ ಅವಳು ಕಪ್ಪು ಹಲಗೆಯೊಂದಕ್ಕೆ ಒತ್ತೊತ್ತಾಗಿ ನೂಲು ಸುತ್ತಿ ಬೆಳಕಿಗೆ ಹಿಡಿದಳು. ಅರ್ಧ ಹಲಗೆ ಯಂತ್ರದ ನೂಲು, ಅರ್ಧ ಶಂಕ್ರಮ್ಮನದು.

"ನೀವೇ ನೋಡಿ ಶಂಕ್ರಮ್ಮ. ಬೇಜಾರು ಮಾಡ್ಕೋಬೇಡಿ."

ಯಂತ್ರದ ಭಾಗ ಸಮನಾಗಿ ಬೆಳ್ಳಗಿತ್ತು. ಶಂಕ್ರಮ್ಮನ ಭಾಗದಲ್ಲಿ ಅಲ್ಲಲ್ಲಿ ಮಸುಕು ಪಟ್ಟೆಗಳಿದ್ದವು. ಅವಳು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದಕ್ಕ ಬ್ಯಾಸರ ಆಗೂದಿಲ್ಲ ನೋಡ್ರಿ ಮೇಡಂ. ನನಗ ಆಕ್ಕೈತಿ. ಈ ಪಟ್ಟಿ ಎಲ್ಲಾ ಮಧ್ಯಾಹ್ನ ಊಟ ಆದ ಮ್ಯಾಲಿನವು."

ವತ್ಸಲಾ ನಕ್ಕಳು. ಶಂಕ್ರಮ್ಮನೂ ನಕ್ಕಳು. ಯಂತ್ರ ಬಂದ ಮೇಲೆ ಐವರಲ್ಲಿ ಅವಳೂ ಅನ್ನಮ್ಮನೂ ಇಬ್ಬರೇ ಉಳಿದರು. ಅನ್ನಮ್ಮ ಯಂತ್ರದಲ್ಲಿ ಹರಿದ ನೂಲು ಗಂಟು ಹಾಕುತ್ತಿದ್ದಳು. ಶಂಕ್ರಮ್ಮ ಗೂಡು ಆರಿಸುತ್ತಿದ್ದಳು: ಕಲೆಯಾದದ್ದು, ಜೋಡಿ ಹುಳು ಕಟ್ಟಿದ್ದು, ತೆಳುವಾದದ್ದು ಬೇರೆ. ಹಳೆಯ ಬೋಗುಣಿಗಳು ಗುಜರಿಗೆ ಹೋದವು. ಹಬೆಯಿಂದ ದೂರ ಕೂತದ್ದಕ್ಕೆ ಅವಳ ಎದೆಯ ಬಿಗಿತ ಎಷ್ಟೋ ಕಡಿಮೆಯಾಯಿತು. ಒಂದು ರೀತಿಯಲ್ಲಿ ಯಂತ್ರ ತನಗೆ ಒಳ್ಳೆಯದನ್ನೇ ಮಾಡಿತು ಎಂದು ಅವಳು ಈಗಲೂ ಹೇಳುತ್ತಾಳೆ.

2019ರ ಆರಂಭದಲ್ಲಿ ವತ್ಸಲಾ ಒಂದು ಕೋರಿಕೆ ಇಟ್ಟುಕೊಂಡು ಬಂದಳು. ಯುಗಾಂಡಾದಿಂದ ಒಬ್ಬ ಹುಡುಗಿ ಎಂಟು ವಾರದ ತರಬೇತಿಗೆ ಬರುತ್ತಿದ್ದಾಳೆ. ಅವಳ ಊರಿನಲ್ಲಿ ಹಿಪ್ಪುನೇರಳೆ ಹಚ್ಚಿದ್ದಾರೆ, ಗೂಡು ಬರುತ್ತಿದೆ, ಆದರೆ ಕರೆಂಟು ದಿನಕ್ಕೆ ನಾಲ್ಕೈದು ಗಂಟೆ. ದೊಡ್ಡ ಯಂತ್ರ ಅಲ್ಲಿ ನಡೆಯುವುದಿಲ್ಲ. ಅವಳಿಗೆ ಬೇಕಾದದ್ದು ಕೈಯಿಂದ ಬಿಚ್ಚುವ ಬೋಗುಣಿಯ ಕೆಲಸ.

"ನಮ್ಮ ಸಂಸ್ಥೆಯಲ್ಲಿ ಅದನ್ನ ಓದಿದವರಿದ್ದಾರೆ. ಮಾಡಿದವರು ಯಾರೂ ಇಲ್ಲ" ಎಂದಳು ವತ್ಸಲಾ.

"ಬೋಗಾಣಿ ಎಲ್ಲಾ ಗುಜರಿಗಿ ಹಾಕೀವಲ್ರಿ."

"ಹೊಸದು ಮಾಡಿಸೋಣ. ಹೇಗಿರಬೇಕು ಅಂತ ನೀವು ಹೇಳಿ."

ಬಂದವಳ ಹೆಸರು ನಕಾಟೊ. ಇಪ್ಪತ್ತನಾಲ್ಕು ವರ್ಷ, ಎತ್ತರದ ಹುಡುಗಿ, ಮಾತು ಕಡಿಮೆ. ಬಾಲಾನಗರದಲ್ಲಿ ಈಗ ತನ್ನದೇ ಸಣ್ಣ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಅಂಬಣ್ಣ, ಶಂಕ್ರಮ್ಮ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ತೋರಿಸಿದ ಅಳತೆಗೆ ಒಂದು ಬೋಗುಣಿಯ ಚೌಕಟ್ಟು ಮಾಡಿಕೊಟ್ಟ. ಹಳೆಯದು ಹೇಗಿತ್ತೋ ಹಾಗೇ. ಮೊದಲ ವಾರ ನಕಾಟೊ ಎಳೆ ಹುಡುಕುವುದನ್ನು ಕಲಿತಳು. ಎರಡನೆಯ ವಾರಕ್ಕೆ ಅವಳ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅವಳು ಬಟ್ಟೆ ಸುತ್ತಿಕೊಂಡು ಮತ್ತೆ ನೀರಿಗೆ ಕೈ ಹಾಕಿದಳು. ಶಂಕ್ರಮ್ಮ ತಡೆಯಲಿಲ್ಲ. ಕೆಲಸ ಇರುವುದೇ ಹಾಗೆ ಎಂದು ಅವಳಿಗೆ ಆಗ ಅನಿಸಿತ್ತು.

ಆ ಭಾನುವಾರ ಮಧ್ಯಾಹ್ನ ನಕಾಟೊಳನ್ನು ಊಟಕ್ಕೆ ಕರೆದಳು. ಶಂಕ್ರಮ್ಮ ರೊಟ್ಟಿ ಬಡಿಯುವಾಗ ಹುಡುಗಿ ಜೋಳದ ಹಿಟ್ಟನ್ನು ಮೂಸಿ ನೋಡಿ ಗುರುತು ಹಿಡಿದಳು. ಅವರಲ್ಲಿಯೂ ಜೋಳ ಬೆಳೆಯುತ್ತಾರೆ, ಆದರೆ ಗಂಜಿ ಕಾಯಿಸುತ್ತಾರಂತೆ. ದುಭಾಷಿ ಶಿವಗಂಗಾ. ಅವಳು ಆಗ ಬಿ.ಕಾಂ. ಮುಗಿಸಿ ಕೋಠಿಯ ಔಷಧದ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು. ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿತ್ತು. ಊಟದ ನಡುವೆ ಅವಳ ಕಣ್ಣು ನಕಾಟೊಳ ಬೆರಳಿನ ಬಟ್ಟೆಯ ಮೇಲೆ ಬಿತ್ತು. ಅವಳು ಕನ್ನಡದಲ್ಲಿ, ಅವ್ವನಿಗೆ ಮಾತ್ರ ತಿಳಿಯುವಂತೆ ಕೇಳಿದಳು:

"ನನಗ ಬ್ಯಾಡ ಅಂದ ಕೆಲಸ ಇಕಿಗಿ ಯಾಕ ಕಲಸಾಕತ್ತೀ ಅವ್ವಾ?"

ಶಂಕ್ರಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ, "ಇಕಿ ಮೊದಲು ಏನ್ ಮಾಡ್ತಿದ್ಲು, ಕೇಳು" ಎಂದಳು.

ನಕಾಟೊ ಹೇಳಿದಳು. ಸರೋವರದ ಹತ್ತಿರ ಹೊರದೇಶಕ್ಕೆ ಕಳಿಸುವ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳಲ್ಲಿ ಕೂಲಿ. ದಿನವಿಡೀ ನಿಂತು ಹೂ ಕತ್ತರಿಸುವುದು, ಔಷಧ ಹೊಡೆದ ಗಿಡಗಳ ನಡುವೆ. ಅವಳು ಅಂಗೈ ಅಗಲಿಸಿ ತೋರಿಸಿದಳು: ಬೊಬ್ಬೆಗಳ ಕೆಳಗೆ ಹಳೆಯ ಕಲೆಗಳಿದ್ದವು. ಈಗ ಅವಳ ಊರಿನ ಗೂಡನ್ನೆಲ್ಲ ವ್ಯಾಪಾರಿಗಳು ಒಣಗಿಸಿ ಹೊರಗೆ ಒಯ್ಯುತ್ತಾರೆ. ನೂಲು ಅಲ್ಲೇ ಬಿಚ್ಚಿದರೆ ಕೂಲಿ ಊರಿನಲ್ಲೇ ಉಳಿಯುತ್ತದೆ, ಹೆಣ್ಣುಮಕ್ಕಳು ಸರೋವರದ ತನಕ ಹೋಗಬೇಕಾಗಿಲ್ಲ.

ಶಿವಗಂಗಾ ಅದನ್ನು ಅವ್ವನಿಗೆ ಹೇಳಿ ಮುಗಿಸಿದಳು.

ಮರುದಿನ ಶಂಕ್ರಮ್ಮ ವತ್ಸಲಾಳನ್ನು ಕೇಳಿದಳು: "ಮೇಡಂ, ಈ ಕೆಲಸ ಮೊದಲು ಎಲ್ಲೆಲ್ಲಿ ನಡೀತಿತ್ತು?"

ವತ್ಸಲಾ ಹೇಳಿದಳು. ನೂರು ವರ್ಷದ ಹಿಂದೆ ಜಪಾನಿನಲ್ಲಿ ಲಕ್ಷಾಂತರ ಹಳ್ಳಿ ಹುಡುಗಿಯರು ಗಿರಣಿಗಳಲ್ಲಿ ನೂಲು ಬಿಚ್ಚುತ್ತಿದ್ದರು. ಲೋಕದ ಪೇಟೆಗೆ ಬರುವ ರೇಷ್ಮೆಯಲ್ಲಿ ಹೆಚ್ಚಿನ ಪಾಲು ಅವರ ಕೈಯಿಂದ ಬರುತ್ತಿತ್ತು. ಆ ಹುಡುಗಿಯರಿಗೆ ಬೇರೆ ಕೆಲಸ ಸಿಗತೊಡಗಿದಾಗ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಅಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಕೊರಿಯಾದಲ್ಲಿ ಬೆಳೆಯಿತು, ಅಲ್ಲೂ ಇಳಿಯಿತು. ಚೀನಾದಲ್ಲಿ ಸಮುದ್ರದ ಕಡೆಯ ಊರುಗಳಲ್ಲಿ ಕಾರ್ಖಾನೆ ಬಂದಂತೆ ರೇಷ್ಮೆ ಒಳನಾಡಿನ ಬಡ ಜಿಲ್ಲೆಗಳಿಗೆ ಸರಿಯಿತು. ಈಗ ಅಲ್ಲಿಯೂ ಒಟ್ಟು ಕಡಿಮೆಯಾಗುತ್ತಿದೆ, ನಮ್ಮಲ್ಲಿ ಹೆಚ್ಚುತ್ತಿದೆ.

"ಹಂಗಾರ ಎಲ್ಲಿ ಹೆಣ್ಮಕ್ಕಳಿಗಿ ಬ್ಯಾರೆ ಕೆಲಸ ಇಲ್ಲ, ಅಲ್ಲಿಗಿ ಹೋಗ್ತೈತಿ."

"ಹೆಚ್ಚುಕಡಿಮೆ ಹಾಗೇ. ಯಂತ್ರ ಬಂದಲ್ಲಿ ಸ್ವಲ್ಪ ದಿನ ಜಾಸ್ತಿ ನಿಲ್ಲತ್ತೆ."

"ಜಪಾನಿನ ಆ ಹುಡುಗ್ಯಾರಿಗಿ ಕೈ ಸುಡ್ತಿತ್ತೇನ್ರಿ?"

"ಸುಡ್ತಿತ್ತು. ಕ್ಷಯ ಬಂದು ಎಷ್ಟೋ ಜನ ಸತ್ತೂ ಹೋದ್ರು."

ಶಂಕ್ರಮ್ಮ ಎದ್ದು ಹೋಗಿ ನಕಾಟೊಳ ಬೋಗುಣಿಯ ಕೆಳಗಿನ ಉರಿ ಆರಿಸಿದಳು. ಇವತ್ತು ಕೆಲಸ ಬೇಡ ಎಂದು ಕೈಸನ್ನೆ ಮಾಡಿದಳು.

ಅವಳಿಗೆ ಇಷ್ಟು ವರ್ಷ ಗೊತ್ತಿದ್ದ ಒಂದು ಸಂಗತಿ ಇತ್ತು. ಗೂಡು ಬೇಯಿಸಲು ಕುದಿಯುವ ನೀರು ಬೇಕು, ಬಿಚ್ಚಲು ಬೇಡ. ಬೆಚ್ಚಗಿದ್ದರೆ ಸಾಕು. ಜಯಮ್ಮನೂ ಒಮ್ಮೆ ಹಾಗೆ ಹೇಳಿದ್ದಳು. ಆದರೆ ನೀರು ಬಿಸಿ ಇದ್ದಷ್ಟೂ ಅರೆಬೆಂದ ಗೂಡು ಕೂಡ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಕೆಲಸ ಬೇಗ ಸಾಗುತ್ತದೆ. ಹಾಗಾಗಿ ಎಲ್ಲರೂ ಉರಿ ಏರಿಸಿಯೇ ಇಡುತ್ತಿದ್ದರು. ಅವಳೂ ಇಡುತ್ತಿದ್ದಳು.

ಅಂಬಣ್ಣನ ಶೆಡ್ಡಿಗೆ ಹೋಗಿ ಮತ್ತೆ ಸುಣ್ಣದ ಗೆರೆ ಹಾಕಿದಳು. ಬೇಯಿಸುವ ಪಾತ್ರೆ ಬೇರೆ, ಮೂರು ಹೆಜ್ಜೆ ದೂರ. ಅದರ ಮೇಲೆ ತಗಡಿನ ಟೋಪಿ, ಟೋಪಿಯಿಂದ ಮಾಡಿನ ಆಚೆಗೆ ಹಬೆ ಒಯ್ಯುವ ಕೊಳವೆ. ಬೇಯಿಸಿದ ಗೂಡು ಎತ್ತಲು ಉದ್ದ ಹಿಡಿಕೆಯ ಜಾಲರಿ ಸೌಟು. ಬಿಚ್ಚುವ ಬೋಗುಣಿಯ ಕೆಳಗೆ ಸಣ್ಣ ಉರಿ. ಕೂರಲು ಬೆನ್ನಿಗೆ ಆಸರೆ.

ಅಂಬಣ್ಣ ಗೆರೆಗಳನ್ನು ಸುತ್ತು ಹಾಕಿ ನೋಡಿದ. "ಇಪ್ಪತ್ತು ವರ್ಷದ ಮ್ಯಾಲೆ ಬೋಗಾಣಿ ಮುಂದ ಕುಂತಿದ್ದಿ. ಅವಾಗ ಯಾಕ ಹೇಳಲಿಲ್ಲ?"

"ಅವಾಗ ಯಾರು ಕೇಳಿದ್ರು? ನನಗೂ ಹೊಳೀಲಿಲ್ಲ."

ಅವನು ಕೊಳವೆಯ ಅಳತೆ ಕೇಳಿದ. ನಾಲ್ಕು ದಿನದಲ್ಲಿ ಎಲ್ಲ ಮಾಡಿಕೊಟ್ಟ.

ಮೊದಲ ದಿನ ಏನೂ ಸರಿಹೋಗಲಿಲ್ಲ. ಬೆಚ್ಚನೆ ನೀರಿನಲ್ಲಿ ಎಳೆಗಳು ಪಟಪಟ ಹರಿದವು. ಎರಡನೆಯ ದಿನವೂ ಅದೇ. ವತ್ಸಲಾಗೆ ಚಿಂತೆ ಹತ್ತಿತು. ತರಬೇತಿಯಲ್ಲಿ ಐದು ವಾರ ಮಾತ್ರ ಉಳಿದಿತ್ತು, ದಿನಕ್ಕೆ ಎಷ್ಟು ನೂಲು ಬಂತು ಎಂದು ಅವಳು ವರದಿ ಕಳಿಸಬೇಕಿತ್ತು.

"ಶಂಕ್ರಮ್ಮ, ಹಳೇ ರೀತಿಯಲ್ಲೇ ಕಲಿಸಿಬಿಡಿ. ಅವರ ಊರಲ್ಲಿ ಆಮೇಲೆ ಬೇಕಾದ್ರೆ ಬದಲಾಯಿಸ್ಕೊಳ್ಳಲಿ."

"ಆಮ್ಯಾಲೆ ಯಾರೂ ಬದಲಿ ಮಾಡೂದಿಲ್ರಿ ಮೇಡಂ. ನಾ ಮಾಡೀನೇನು?"

ತಪ್ಪು ಬೇಯಿಸುವುದರಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವಳೂ ನಕಾಟೊಳೂ ಮತ್ತೆ ಮತ್ತೆ ಬೇಯಿಸಿದರು: ಎರಡು ನಿಮಿಷ, ಮೂರು, ನಾಲ್ಕು. ಹೆಚ್ಚು ಬೆಂದರೆ ಗೂಡು ಹತ್ತಿಯಾಗುತ್ತಿತ್ತು. ಕೊನೆಗೆ, ಕುದಿಯುವ ನೀರಿನಲ್ಲಿ ಬೇಯಿಸಿ ತಕ್ಷಣ ಬೆಚ್ಚನೆ ನೀರಿನಲ್ಲಿ ಅದ್ದಿ, ಮತ್ತೆ ಒಂದು ನಿಮಿಷ ಕುದಿಯುವ ನೀರಿಗೆ ಹಾಕಿದರೆ ಗೂಡಿನ ಒಳಗಿನ ತನಕ ನೀರು ಇಳಿಯುತ್ತದೆ ಎಂದು ಕಂಡಿತು. ಅದು ವತ್ಸಲಾಳ ಪುಸ್ತಕಗಳಲ್ಲಿ ಇದ್ದದ್ದೇ, ಹೊಸ ಶೋಧವೇನಲ್ಲ. ಆದರೆ ಹೈದರಾಬಾದಿನ ಬೋರ್ ನೀರಿಗೆ ಎಷ್ಟು ಹೊತ್ತು ಎಂಬುದನ್ನು ಕೈಯಿಂದಲೇ ಕಂಡುಕೊಳ್ಳಬೇಕಿತ್ತು. ಹತ್ತನೆಯ ದಿನ ನಕಾಟೊ ಬೆಚ್ಚನೆ ನೀರಿನಲ್ಲಿ ಎಳೆ ಹರಿಯದಂತೆ ಒಂದು ಲಡಿ ತೆಗೆದಳು. ಬಿಸಿನೀರಿನಲ್ಲಿ ಬರುವುದಕ್ಕಿಂತ ನೂಲು ತುಸು ಕಡಿಮೆ ಬಂತು. ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಅದನ್ನು ಸರಿದೂಗಿಸಲು ಆಗಲಿಲ್ಲ. ವತ್ಸಲಾ ವರದಿಯಲ್ಲಿ ಹಾಗೆಯೇ ಬರೆದಳು.

ನಕಾಟೊಳ ಬೆರಳುಗಳು ಆರನೆಯ ವಾರಕ್ಕೆ ಮಾಗಿದವು. ಅವಳು ಏಳು, ಎಂಟು ಎಂದು ಕನ್ನಡದಲ್ಲೇ ಎಣಿಸಲು ಕಲಿತಿದ್ದಳು. ಹೊರಡುವ ಮುನ್ನ ಅಂಬಣ್ಣನ ಶೆಡ್ಡಿಗೆ ಬಂದು ಪ್ರತಿ ತುಂಡಿನ ಅಳತೆಯನ್ನು ಬರೆದುಕೊಂಡು, ಫೋಟೊ ತೆಗೆದುಕೊಂಡು ಹೋದಳು.

ಅವಳು ಹೋದ ಕೆಲವು ದಿನಗಳ ಮೇಲೆ, ಬಟ್ಟೆ ಮಡಚುತ್ತ, ಶಂಕ್ರಮ್ಮ ಮಗಳಿಗೆ ಹೇಳಿದಳು: "ಅವತ್ತ ನೀ ಕೇಳಿದ್ದಿಲ್ಲ? ಗಾರಿ ಹೊರೂ ಮುಂದ ನನಗ ಈ ಕೆಲಸ ಮ್ಯಾಲಿಂದು ಅನಿಸಿತ್ತು. ಅಕಿಗೂ ಹಂಗ ಅನಿಸಿರಬೇಕು. ಅದಕ್ಕ ಕಲಿಸಿದೆ. ಕೈ ಸುಟ್ಕೊಳ್ಳೂದು ಮಾತ್ರ ಕಲಸಲಿಲ್ಲ."

"ನಾ ನಿನಗ ತಪ್ಪು ಮಾಡಾಕತ್ತಿ ಅನ್ಲಿಲ್ಲವ್ವಾ."

"ಅಂದಿದ್ರೂ ನಡೀತಿತ್ತು."

ಮುಂದಿನ ವರ್ಷ ಕೊರೊನಾ ಬಂತು. ಶೆಡ್ ಏಳು ತಿಂಗಳು ಮುಚ್ಚಿತ್ತು. 2021ರಲ್ಲಿ ಎಪ್ಪತ್ತಾರರ ಗಿರಿಜಾಬಾಯಿ ಜಾಗ ಮಾರಿದರು. ಸನತ್‌ನಗರದ ನೆಲಕ್ಕೆ ಬರುವ ಬೆಲೆಯ ಮುಂದೆ ರೇಷ್ಮೆ ಯಾವ ಲೆಕ್ಕಕ್ಕೂ ಇರಲಿಲ್ಲ. ಯಂತ್ರವನ್ನು ಶಾದನಗರದ ಕಡೆ ನೂಲು ಬಿಚ್ಚಿಸುವ ಒಬ್ಬ ರೀಲರ್ ಕೊಂಡುಕೊಂಡ. ಗೂಡು ಬೆಳೆಯುವಲ್ಲಿಗೇ ಯಂತ್ರ ಹೋಯಿತು. ಅನ್ನಮ್ಮ ಯಂತ್ರದ ಜೊತೆಗೆ ಹೋದಳು, ಮಗನ ಮನೆ ಅದೇ ದಾರಿಯಲ್ಲಿತ್ತು. ಶಂಕ್ರಮ್ಮ ಹೋಗಲಿಲ್ಲ. ದಿನವೂ ಅಷ್ಟು ದೂರದ ಬಸ್ಸು ಅವಳ ಉಸಿರಿಗೆ ಆಗುತ್ತಿರಲಿಲ್ಲ. ಕೆಲಸದ ಕೊನೆಯ ದಿನ ಗಿರಿಜಾಬಾಯಿ ಅವಳ ಕೈ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರು.

ಯುಗಾಂಡಾದ ಸುದ್ದಿ ವತ್ಸಲಾಳ ಮೂಲಕ ಬರುತ್ತದೆ. ಅಲ್ಲಿಯ ವೆಲ್ಡರ್ ಆರು ಬೋಗುಣಿ ಮಾಡಿದ. ಈಗ ನಡೆಯುವುದು ನಾಲ್ಕು, ಅದೂ ವರ್ಷದಲ್ಲಿ ಏಳು ತಿಂಗಳು, ಉಳಿದ ತಿಂಗಳು ಗೂಡು ಸಿಗುವುದಿಲ್ಲ. ನಕಾಟೊ ಬೋಗುಣಿ ಬಿಟ್ಟಿದ್ದಾಳೆ. ಅವಳಿಗೆ ಜಿಲ್ಲೆಯ ಕಚೇರಿಯಲ್ಲಿ ರೈತರಿಗೆ ಮರಿಹುಳು ಹಂಚುವ ಕೆಲಸ ಸಿಕ್ಕಿದೆ. ಅವಳ ಜಾಗದಲ್ಲಿ ಚಿಕ್ಕಪ್ಪನ ಮಗಳು ಕೂತಿದ್ದಾಳೆ.

ಇದನ್ನು ಹೇಳುವಾಗ ವತ್ಸಲಾ ಸ್ವಲ್ಪ ಹಿಂಜರಿದಳು. ಶಂಕ್ರಮ್ಮ ಮಾತ್ರ, "ಛಲೋ ಆತು" ಎಂದಳು. ಆಮೇಲೆ ಕೇಳಿದಳು: "ಆ ತಂಗಿಗಿ ಕೊಳವಿ ಕೂಡಿಸ್ಯಾರೇನು, ಕೇಳ್ರಿ."

ನಾಲ್ಕರಲ್ಲಿ ಮೂರಕ್ಕೆ ಕೂಡಿಸಿದ್ದರು. ನಾಲ್ಕನೆಯದರ ತಗಡು ಯಾರೋ ಮನೆಯ ಮಾಡಿಗೆ ಒಯ್ದಿದ್ದರು. ಶಂಕ್ರಮ್ಮ ಹೇಳಿಸಿದ ಮೇಲೆ ಅದಕ್ಕೂ ಹೊಸದು ಬಂತು ಎಂದು ಫೋಟೊ ಬಂದಿದೆ.

ಈಗ ಶಂಕ್ರಮ್ಮನಿಗೆ ಐವತ್ತು. ಹಗಲೆಲ್ಲ ಶಿವಗಂಗಾಳ ಮಗುವನ್ನು ನೋಡಿಕೊಳ್ಳುತ್ತಾಳೆ. ವರ್ಷಕ್ಕೆ ಒಮ್ಮೆ, ಆರು ವಾರ, ವತ್ಸಲಾಳ ಸಂಸ್ಥೆಯವರು ಅವಳನ್ನು ಕರೆಯುತ್ತಾರೆ. ಕೆನ್ಯಾದವರು ಬಂದು ಹೋದರು, ಕಳೆದ ವರ್ಷ ಮಡಗಾಸ್ಕರಿನ ಇಬ್ಬರು ಬಂದಿದ್ದರು. ಮೊದಲ ದಿನ ಅವಳು ಯಾರಿಗೂ ಎಳೆ ಮುಟ್ಟಲು ಬಿಡುವುದಿಲ್ಲ. ಕೊಳವೆ ಕೂಡಿಸುವುದು, ನೀರಿನ ಬಿಸಿ ಅಳೆಯುವುದು, ಸೌಟು ಹಿಡಿಯುವುದು, ಅಷ್ಟೇ. ಒಂದು ದಿನದ ತರಬೇತಿ ಹೀಗೆ ಹೋಗುತ್ತದೆ ಎಂದು ವತ್ಸಲಾ ಪ್ರತಿ ಸಲ ಗೊಣಗುತ್ತಾಳೆ. ಕಳೆದ ಸಲ ಅವಳೂ ವತ್ಸಲಾಳೂ ಚೌಕಾಸಿ ಮಾಡಿ ಅರ್ಧ ದಿನಕ್ಕೆ ಒಪ್ಪಿಕೊಂಡರು.